ಒಂಟಿ ಸೀನಿನ ಠರಾವು

ಅಣ್ಣಾಜಿ: ನಮ್ಮ ಟ್ರಸ್ಟಿನ ಮುಂದಿನ ಐದು ವರ್ಷದ ವಿಚಾರ ಹೊರಗಿನವರನ್ನ ಯಾಕ ಕೇಳಬೇಕು? ನಮ್ಮನಿ ಸಾರಿಗೆ ಉಪ್ಪು ಎಷ್ಟಂತ ಓಣಿ ಮಂದೀನ ಕೇಳತೇವೇನು?

ಪದ್ಮಜಾ: ಉಣ್ಣವರು ಓಣಿ ಮಂದೀನ ಇದ್ದಮ್ಯಾಲ ಕೇಳಬೇಕಲ್ಲ ಕಾಕಾ.

ಬ್ಯಾಡಗಿಯ ಈ ಟ್ರಸ್ಟಿಗೆ ಅಣ್ಣಾಜಿ ಅಧ್ಯಕ್ಷರು, ಹೆಂಡತಿ ಗೋದೂಬಾಯಿ ಉಪಾಧ್ಯಕ್ಷರು, ಅಣ್ಣನ ಮಗಳು ಪದ್ಮಜಾ ಕಾರ್ಯದರ್ಶಿ. ಇಷ್ಟು ವರ್ಷ ಮೂವರೇ ಕೂತು, ಚಹಾ ಆರುವುದರೊಳಗೆ ಊರಿನ ಉದ್ಧಾರ ಮುಗಿಸುತ್ತಿದ್ದರು. ಈ ಸಲ ಪದ್ಮಜಾಳ ಹಟಕ್ಕೆ ಮೋಟೆಬೆನ್ನೂರಿನ ಬೀರವ್ವನನ್ನೂ ಕರೆದಿದ್ದರು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಆಕೆ ಕೆಲಸದಿಂದ ನೇರ ಬಂದು, ಮುಖಕ್ಕೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೊಡವಿ ಕೂತಳು.

ಅಣ್ಣಾಜಿ: ಮೊದಲನೇ ಠರಾವು. ನಮ್ಮ ತಂದಿಯವರ ಹೆಸರಿಲೆ ಊರಬಾಗಲಿಗೆ ಒಂದು ಕಮಾನು...

ಗೋದೂಬಾಯಿ ಸೀನಿದರು. ಒಂದೇ ಸೀನು.

ಎಲ್ಲೂ ಬರೆದಿಟ್ಟಿರದಿದ್ದರೂ ಅಣ್ಣಾಜಿಯವರ ಕಾನೂನು ಗಟ್ಟಿ: ಒಂಟಿ ಸೀನು ಅಪಶಕುನ, ಠರಾವು ರದ್ದು, ಜೋಡಿ ಸೀನು ಶುಭ, ಠರಾವು ಮಂಜೂರು. ಅವರು ಕಮಾನಿನ ಎತ್ತರ ಇಳಿಸಿದರು, ಒಂಟಿ ಸೀನು. ಬಣ್ಣ ಬದಲಿಸಿದರು, ಮತ್ತೆ ಒಂಟಿ ಸೀನು. ನಾಲ್ಕನೆಯದು ಅವರದೇ ಮೂಗಿನಿಂದ ಬಂತು.

ಅಣ್ಣಾಜಿ: ಅದಕ್ಕ ಅಂದೆ, ಹೊರಗಿನವರು ಬ್ಯಾಡಂತ. ಬೀರವ್ವ, ನೀನರ ಸೀನಬ್ಯಾಡ.

ಬೀರವ್ವ: ನಾ ಎಲ್ಲಿ ಸೀನೇನ್ರಿ? ಸೀನಾಕತ್ತವರೆಲ್ಲ ನೀವ. ನಮಗ ಸೀನು ಬರೂದು ನಿಂತು ಹತ್ತು ವರ್ಷ ಆತು.

ಪದ್ಮಜಾ: ಅದಿರ್ಲಿ, ನಿಮಗೇನು ಬೇಕು ಹೇಳ್ರಿ.

ಬೀರವ್ವ: ಕೂಸುಗೋಳನ್ನ ಇಡಾಕ ಒಂದು ಖೋಲಿ ಬೇಕ್ರಿ. ನನ್ನ ಮೊಮ್ಮಗಳು ದಿನಾ ಮೆಣಸಿನಕಾಯಿ ರಾಶಿ ಬಾಜೂಕ ಮಲಗತೈತಿ. ಅದಕ್ಕ ಇನ್ನೂ ಸೀನು ಬರತಾವು. ನಮ್ಮಂಗ ರೂಢಿ ಆಗೂದರಾಗ ಕೊಟ್ಟರ ಚಲೋ.

ಪದ್ಮಜಾ ತಾನಾಗಿ ಠರಾವು ಬರೆದು ಓದಿದಳು. ಅಣ್ಣಾಜಿಯವರಿಗೂ ಕರುಳು ಚುರುಕ್ಕೆಂದಿತು. ಆದರೆ ಮೂಗಿಗೆ ಕರುಳಿಲ್ಲ. ಎಷ್ಟು ತಡೆದರೂ ಸೀನು ಬಂತು. ಒಂದೇ.

ಅಣ್ಣಾಜಿ: ನನಗ ಮನಸ್ಸಿತ್ತವಾ. ದೇವರ ಒಪ್ಪಲಿಲ್ಲ, ಏನು ಮಾಡೂದು.

ಗೋದೂಬಾಯಿ ಎದ್ದರು. ಬೀರವ್ವನ ಕೈಯಿಂದ ವಸ್ತ್ರ ಇಸಿದುಕೊಂಡು ಗಂಡನ ಮೂಗಿನ ಕೆಳಗೆ ಒಮ್ಮೆ ಚೆನ್ನಾಗಿ ಕೊಡವಿದರು.

ಗೋದೂಬಾಯಿ: ಜೋಡಿ ಆತು. ಪದ್ಮಜಾ, ದೇವರು ಒಪ್ಯಾನ ಅಂತ ಬರಕೋ.