ಚಾವಣಿಗೆ ಬಡಿದ ಹಿತ್ತಾಳೆ ಪಟ್ಟಿ

“ಎರಡು ನೆಲ ಕೂಡೋ ಕಡೆ ಒಂದು ಪಟ್ಟಿ ಬಡದ್ರ ಯಾರಪ್ಪನ ಗಂಟು ಹೋಗ್ತದ?”

ಈ ಮಾತನ್ನು ದ್ಯಾಮವ್ವ ಯಾರನ್ನೂ ಕೇಳಲಿಲ್ಲ. ಎಡವಿದವರು ಗಾಳಿಯನ್ನು ಕೇಳುವಂತೆ ಕೇಳಿದಳು. ಬಹಳ ಹಿಂದೆ ಉತ್ತುಂಗಪುರವೆಂಬ ರಾಜ್ಯವೊಂದಿತ್ತಲ್ಲ, ಅದರ ಇತಿಹಾಸ ದಿಕ್ಕು ಬದಲಿಸಿದ್ದು ಈ ಪ್ರಶ್ನೆಯಿಂದ.

ದ್ಯಾಮವ್ವ ಅರಮನೆಯ ಹಾಲಿನಾಕೆ. ದಿನಾ ಬೆಳಿಗ್ಗೆ ಕಾಯಿಸಿದ ಹಾಲಿನ ತಂಬಿಗೆ ಹಿಡಿದು ಸಿಂಹಾಸನದವರೆಗೆ ನಡೆಯಬೇಕು. ಸಭಾಂಗಣದ ಅರ್ಧಕ್ಕೆ ಅರಸರ ಅಜ್ಜ ಕರಿಕಲ್ಲು ಹಾಸಿಸಿದ್ದರು. ಉಳಿದರ್ಧಕ್ಕೆ ಅರಸರ ತಂದೆ ಸಾಗುವಾನಿ ಹಲಗೆ ಹಾಸಿಸಿದ್ದರು. ಅದರ ಮೇಲೆ ಈಗಿನ ಅರಸರಾದ ಉನ್ನತಶಿರ ಭೂಪಾಲರು, ತಮ್ಮ ಕಾಲದ ಕೊಡುಗೆಯೂ ಒಂದಿರಲೆಂದು, ದಪ್ಪ ಜಮಖಾನೆ ಹಾಸಿಸಿದ್ದರು. ಹೀಗೆ ಮೂರು ತಲೆಮಾರಿನ ಅಭಿವೃದ್ಧಿ ಕೂಡುವ ಜಾಗದಲ್ಲಿ ಕಲ್ಲಿಗಿಂತ ಮರ ಮೂರು ಬೆರಳು ಎತ್ತರವಾಗಿ, ನಡುವೆ ಬಿರುಕೊಂದು ಬಾಯಿ ತೆರೆದುಕೊಂಡಿತ್ತು.

ನೋಡಿಕೊಂಡು ದಾಟಬಹುದಿತ್ತು. ಆದರೆ ಆ ರಾಜ್ಯದಲ್ಲಿ ಅರಸರ ಸಮ್ಮುಖದಲ್ಲಿ ಯಾರೂ ನೆಲ ನೋಡುವಂತಿರಲಿಲ್ಲ. ನೆಲ ನೋಡಿದರೆ, ಇಂಥ ಆಳ್ವಿಕೆಯಲ್ಲೂ ಕಾಲ ಕೆಳಗಿನ ನೆಲ ಗಟ್ಟಿಯಿಲ್ಲವೆಂದು ಸಂಶಯಪಟ್ಟಂತೆ. ಆದ್ದರಿಂದ ಎಲ್ಲರೂ ಮುಖವೆತ್ತಿ ಬರುತ್ತಿದ್ದರು, ಅದೇ ಜಾಗದಲ್ಲಿ ಮುಗ್ಗರಿಸುತ್ತಿದ್ದರು. ಕಡತದಲ್ಲಿ ಅದನ್ನು ‘ಭಕ್ತಿಪೂರ್ವಕ ಬಾಗುವಿಕೆ’ ಎಂದು ಬರೆದುಕೊಳ್ಳುತ್ತಿದ್ದರು. ಅರಸರೂ ಮುಗ್ಗರಿಸುತ್ತಿದ್ದರು. ಅದು ‘ಮುನ್ನಡೆ’.

ಅಂದು ಹಾಲು ದ್ಯಾಮವ್ವನ ಮುಂಗೈಯನ್ನು ಸುಟ್ಟು, ಮಹಾಮಂತ್ರಿ ಸುಭಾಷಿತರಾಯರ ಶಾಲನ್ನು ತೋಯಿಸಿತು. ಅರಸರು ಮುಖವೆತ್ತಿಕೊಂಡೇ ವಿಚಾರಿಸಿದರು: “ಈಕೆ ಪ್ರಶ್ನೆ ಕೇಳಿದ್ದು ಯಾರನ್ನು?”

“ಯಾರನ್ನೂ ಅಲ್ಲ, ಪ್ರಭು,” ಎಂದರು ಮಂತ್ರಿಗಳು.

“ಹಾಗಾದರೆ ಅದು ಸಾರ್ವಜನಿಕ ಅಹವಾಲು. ಸಮಿತಿ ರಚಿಸಿ.”

ಅಂತರ್‌ಹಾಸು ಸಮನ್ವಯ ಉನ್ನತಾಧಿಕಾರ ಸಮಿತಿ ಅಂದೇ ಹುಟ್ಟಿತು. ಕಲ್ಲಿನ ಪರವಾಗಿ ಇಬ್ಬರು, ಮರದ ಪರವಾಗಿ ಇಬ್ಬರು, ಜಮಖಾನೆ ಅರಸರದಾದ್ದರಿಂದ ಅದರ ಪರವಾಗಿ ಒಂಬತ್ತು ಮಂದಿ ಸದಸ್ಯರು. ಅವರು ನಾಲ್ಕು ತಿಂಗಳು ಚರ್ಚಿಸಿ, ಎಡವುವ ಜಾಗ ಇದೆಯೆಂದು ತಾತ್ವಿಕವಾಗಿ ಒಪ್ಪಿಕೊಂಡರು. ಆಮೇಲೆ ಊರಿನಲ್ಲಿ ನೆಲ ಹಾಸುವ ಕೆಲಸದ ಮೌನೇಶಾಚಾರಿಯನ್ನು ಕರೆಸಿದರು.

ಆಚಾರಿ ಕೈಯಿಂದ ಅಂಚು ತಡವಿ ನೋಡಿ ಕೆಲಸ ವಿವರಿಸಿದ. ಜಮಖಾನೆಯ ಅಂಚನ್ನು ಹಿಂದಕ್ಕೆ ಮಡಚಬೇಕು. ಹಲಗೆಯ ತುದಿಯನ್ನು ಕಲ್ಲಿನ ಕಡೆಗೆ ಇಳಿಜಾರಾಗಿ ಹೆರೆಯಬೇಕು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಅದಕ್ಕೆ ಉಸಿರಾಡಲು ಕಡ್ಡಿಯಷ್ಟು ಸಂದು ಬಿಡಬೇಕು. ಆ ಸಂದಿನ ಮೇಲೆ ಹಿತ್ತಾಳೆ ಪಟ್ಟಿ ಕೂರಿಸಿ, ಮೊಳೆಯ ತಲೆ ಕಾಲಿಗೆ ಸಿಗದಂತೆ ಒಳಕ್ಕಿಳಿಸಬೇಕು.

“ಅರ್ಧ ದಿನದ ಕೆಲಸ್ರಿ. ಆದ್ರ ಕೆಳಗ ನೋಡಿ ಮಾಡಬೇಕಾಗ್ತದ,” ಎಂದ.

ಸಮಿತಿ ಬೆಚ್ಚಿತು. ಹೆರೆಯುವುದೆಂದರೆ ಅರಸರ ತಂದೆಯವರ ಹಲಗೆಗೆ ಉಳಿ ಇಡುವುದು, ನೋಡುವುದೆಂದರೆ ರಾಜದ್ರೋಹ. ಆಗ ಸುಭಾಷಿತರಾಯರು ಕಣ್ಣು ಮುಚ್ಚಿ, ತೆರೆದು, ಪರಿಹಾರ ಸೂಚಿಸಿದರು. ನೆಲ ಎಷ್ಟು ಅಗಲವೋ ಚಾವಣಿಯೂ ಅಷ್ಟೇ ಅಗಲ. ಎಲ್ಲರ ದೃಷ್ಟಿ ಹೇಗೂ ಅಲ್ಲಿಯೇ ಇದೆ. ಪಟ್ಟಿಯನ್ನು, ಬಿರುಕಿಗೆ ಸರಿಯಾಗಿ, ಚಾವಣಿಗೆ ಬಡಿಯತಕ್ಕದ್ದು.

“ಮ್ಯಾಲೆ ಯಾರು ನಡೀತಾರ್ರಿ, ಧಣೇರ?” ಎಂದು ಆಚಾರಿ ಕೇಳಿದ.

“ಕೆಳಗೆ ಬಡಿದರೆ ಯಾರು ನೋಡುತ್ತಾರೆ?” ಎಂದರು ಮಂತ್ರಿಗಳು. ವಂದಿಮಾಗಧರು ಕೂಡಲೇ ರಾಗವೆತ್ತಿದರು:

*ನೆಲವ ನೋಡದ ನೃಪತಿ ಕೇಳೈ,*
*ಮುಗಿಲ ಮೇಗಣ ಮಕುಟ ನಿನ್ನದು.*

ಛಂದಸ್ಸು ಎಲ್ಲಿಯೂ ಎಡವಿರಲಿಲ್ಲ.

ಬೊಕ್ಕಸದಲ್ಲಿ ಹಿತ್ತಾಳೆ ಧಾರಾಳವಾಗಿತ್ತು. ಆದರೆ ಯೋಜನೆಯೆಂದ ಮೇಲೆ ಜನಸಹಭಾಗಿತ್ವ ಬೇಡವೇ? ಉತ್ತುಂಗಪುರದ ಮನೆಗಳಲ್ಲಿ ಒಳಗೆ ಸಗಣಿ ಸಾರಿಸಿದ ಮಣ್ಣಿನ ನೆಲ, ಹೊರಗೆ ಕಲ್ಲಿನ ಕಟ್ಟೆ. ಎರಡೂ ಕೂಡುವ ಹೊಸ್ತಿಲಿಗೆ ಹಿತ್ತಾಳೆ ಪಟ್ಟಿ ಕೂರಿಸುವುದು ಅಜ್ಜನ ಕಾಲದ ಪದ್ಧತಿ. ಆ ಪಟ್ಟಿಗಳನ್ನು ಪ್ರಜೆಗಳು ಸ್ವ-ಇಚ್ಛೆಯಿಂದ ಕೊಡತಕ್ಕದ್ದೆಂದು ಡಂಗುರ ಸಾರಲಾಯಿತು. ಇಚ್ಛೆ ಮೂಡಲೆಂದು ಮನೆಗೆ ಇಬ್ಬರು ಭಟರು ಬಂದರು.

ಪಟ್ಟಿ ಕಿತ್ತ ಮನೆಗಳಲ್ಲಿ ಮಣ್ಣಿನ ಅಂಚು ಉದುರತೊಡಗಿತು. ತುಂಬಿದ ಕೊಡ ಹೊತ್ತವರು ಬಾಗಿಲಲ್ಲೇ ಬಿದ್ದರು. ಬಾಣಂತಿಯೊಬ್ಬಳು ಕೂಸಿನ ಸಮೇತ ಬಿದ್ದಳು. ಮನೆಯಲ್ಲಿ ಎಡವಿದರೂ ಅದನ್ನು ಭಕ್ತಿಯೆಂದೇ ಭಾವಿಸಬೇಕೆಂದು ಸುತ್ತೋಲೆ ಹೊರಟಿತು.

ದ್ಯಾಮವ್ವನ ಮನೆಯ ಪಟ್ಟಿ ಮಾತ್ರ ಉಳಿದಿತ್ತು. ಆಕೆಯ ಗಂಡ ಸಂಗಣ್ಣನಿಗೆ ಎರಡೂ ಕಣ್ಣಿಲ್ಲ. ಅಂಗಾಲಿಗೆ ಹಿತ್ತಾಳೆಯ ತಂಪು ತಾಗಿದರೆ ಮನೆ ಮುಗಿಯಿತು, ಇನ್ನು ಮೂರು ಮೆಟ್ಟಿಲು ಇಳಿದರೆ ಬೀದಿ ಎಂದು ಅವನಿಗೆ ತಿಳಿಯುತ್ತಿತ್ತು. ಆ ತಂಪನ್ನು ನಂಬಿಯೇ ಅವನು ಒಬ್ಬನೇ ಹೊರಬಂದು, ನಾಲ್ಕು ಜನರೊಡನೆ ಮಾತಾಡಿ, ಒಳಹೋಗುತ್ತಿದ್ದ. ಭಟರು ಬಂದ ದಿನ ಅವನು ಹೊಸ್ತಿಲ ಮೇಲೆಯೇ ಕೂತಿದ್ದ. ಅವನನ್ನು ಎಬ್ಬಿಸಲು ಮನಸ್ಸಾಗದೆ ಭಟರು ಬಾಗಿಲಿನ ಮೇಲ್ಚೌಕಟ್ಟನ್ನಷ್ಟೇ ನೋಡಿ ಹೋದರು.

ಉದ್ಘಾಟನೆ ವೈಭವದಿಂದ ನಡೆಯಿತು. ಚಾವಣಿಯಲ್ಲಿ ಪಟ್ಟಿ ಥಳಥಳಿಸಿತು. ಅದನ್ನು ನೋಡುವ ಭರದಲ್ಲಿ ಮುಗ್ಗರಿಸಿದವರ ಸಂಖ್ಯೆ ಇಮ್ಮಡಿಯಾಯಿತು. ಭಕ್ತಿಯಲ್ಲಿ ಶೇಕಡಾ ನೂರರ ಏರಿಕೆಯೆಂದು ಸಮಿತಿ ವರದಿ ಒಪ್ಪಿಸಿತು. ಅರಸರಿಗೆ ‘ಸಮತಲ ಚಕ್ರವರ್ತಿ’ ಎಂಬ ಬಿರುದು ಕೊಟ್ಟು, ಇನ್ನೊಂದು ಕಿರೀಟ ತೊಡಿಸಲಾಯಿತು. ‘ಪ್ರತಿಯೊಂದು ಮನೆಯೂ ಮನಸಾರೆ ಕೊಟ್ಟಿತು’ ಎಂಬ ಶಾಸನ ಮೊದಲೇ ಕೆತ್ತಿ ಸಿದ್ಧವಾಗಿತ್ತು.

ಕಿರೀಟದ ಭಾರಕ್ಕೆ ತಲೆ ಇನ್ನಷ್ಟು ಹಿಂದಕ್ಕೆ ವಾಲಿ, ಅರಸರಿಗೆ ಚಾವಣಿಯ ಮೂಲೆ ಕಂಡಿತು. ಅಲ್ಲಿ ಪಟ್ಟಿ ಒಂದು ಮೊಳ ಕಡಿಮೆ ಬಿದ್ದಿತ್ತು. ಒಂದು ಮೊಳವೆಂದರೆ ಒಂದು ಹೊಸ್ತಿಲು. ಆಸ್ಥಾನ ಲೆಕ್ಕ ಹಾಕಿ ದ್ಯಾಮವ್ವನ ಹೆಸರು ಹಿಡಿಯಿತು. ಕಿತ್ತು ತರೋಣವೆಂದರೆ ಶಾಸನ ಸುಳ್ಳಾಗುತ್ತದೆ, ಆಕೆಯೇ ಕೊಡಬೇಕು. ಹಾಗಾಗಿ ಚಕ್ರವರ್ತಿಗಳು ಛತ್ರಚಾಮರ ಸಮೇತ ಆಕೆಯ ಓಣಿಗೆ ಬಿಜಯಂಗೈದರು. ದಾರಿಯಲ್ಲಿ ಏಳು ಸಲ ಮುನ್ನಡೆದರು.

ಸಂಗಣ್ಣ ಹೊಸ್ತಿಲ ಮೇಲೆ ಕೂತಿದ್ದ. ದ್ಯಾಮವ್ವ ಅವನ ಹಿಂದೆ ನಿಂತಿದ್ದಳು. ಮುಂಗೈಯ ಕಲೆ ಇನ್ನೂ ಮಾಸಿರಲಿಲ್ಲ.

“ಯಾರ ಬಂದಾರ?” ಎಂದ ಸಂಗಣ್ಣ.

“ಅರಸರು.”

“ನಿಂತಾರೇನು? ಒಳಗ ಕರಿ.”

“ಒಳಗ ಬರ್ರಿ, ಎಪ್ಪಾ,” ಎಂದಳು ದ್ಯಾಮವ್ವ. “ಮೂರು ಮೆಟ್ಟಲ ಅದಾವ. ಕೆಳಗ ನೋಡಿ ಕಾಲಿಡ್ರಿ.”

ಅರಸರು ಕೆಳಗೆ ನೋಡುವಂತಿರಲಿಲ್ಲ. ಬೀದಿಯಲ್ಲೇ ನಿಂತು, ಆಕೆಯ ಮನೆಯ ಹಂಚಿನ ಕಡೆ ಮುಖವೆತ್ತಿ ನುಡಿದರು.

“ತಾಯಿ, ಈ ಮಹಾಕಾರ್ಯಕ್ಕೆ ಮೂಲ ನಿನ್ನ ಪ್ರಶ್ನೆ. ಪಟ್ಟಿ ಬೇಕೆಂದವಳು ನೀನು. ನಾಡೆಲ್ಲ ಕೊಟ್ಟಿದೆ. ಉಳಿದದ್ದು ಒಂದು ಮೊಳ. ನಿನ್ನ ಹೊಸ್ತಿಲಿನ ಪಟ್ಟಿಯನ್ನು ಮನಸಾರೆ ಕೊಡು.”

ಸುಭಾಷಿತರಾಯರು ತಟ್ಟೆಯೊಂದನ್ನು ಮುಂದೆ ಚಾಚಿದರು. ಓಣಿಯ ಜನ ತಂತಮ್ಮ ಕಿತ್ತ ಹೊಸ್ತಿಲುಗಳಲ್ಲಿ ನಿಂತು ನೋಡುತ್ತಿದ್ದರು. ಸಂಗಣ್ಣ ಎರಡೂ ಅಂಗಾಲುಗಳನ್ನು ಹಿತ್ತಾಳೆಯ ಮೇಲೆ ಊರಿದ. ದ್ಯಾಮವ್ವ ಅರಸರ ಪಾದಗಳನ್ನು ನೋಡಿದಳು. ಎಡವಿ ಎಡವಿ ಹೆಬ್ಬೆರಳ ಉಗುರುಗಳೆರಡೂ ಕಪ್ಪಾಗಿದ್ದವು.

“ಕೊಡಂಗಿಲ್ಲ,” ಅಂದಳು.