ಎಡ್ಗರ್ ಇಂಗ್ಲಿಷ್ ಕಲಿತ ದಿನ

ಸಾಲು ಕಂಡರೆ ನಿಂತುಬಿಡುವುದು ಎಡ್ಗರ್ ಪಿಮ್‌ನ ಹುಟ್ಟುಗುಣ. ಮುಂದೇನಿದೆ ಎಂದು ಕೇಳಿದರೆ ಮುಂದೆ ನಿಂತವರಿಗೆ ತೊಂದರೆ, ಕೇಳದಿದ್ದರೆ ತನಗೊಬ್ಬನಿಗೇ ತೊಂದರೆ. ಯಾರ್ಕ್‌ಷೈರಿನ ಆ ಕಡಲೂರಿನಲ್ಲಿ ಮರ್ಯಾದಸ್ಥರೆಲ್ಲ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ.

ಅವತ್ತು ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಹೇಝಲಳ ಕೊನೆಯ ದಿನ. ಅವಳಿಗೆ ಲೀಡ್ಸ್‌ಗೆ ವರ್ಗವಾಗಿತ್ತು. ಎರಡು ವರ್ಷದಿಂದ ಅವಳ ಕೈಯಿಂದ ಪುಸ್ತಕ ಪಡೆದು, 'ಥ್ಯಾಂಕ್ಯೂ' ಎಂದು ಗೊಣಗಿ ಮನೆಗೆ ಹೋಗುತ್ತಿದ್ದ ಈ ಪಿಯಾನೋ ರಿಪೇರಿಯ ಬ್ರಹ್ಮಚಾರಿ, ಇವತ್ತು ಕೇಳಿಯೇ ತೀರಬೇಕೆಂದು ಬಂದಿದ್ದ: ಭಾನುವಾರ ನನ್ನ ಜೊತೆ ಟೀಗೆ ಬರ್ತೀರಾ?

ಕೌಂಟರಿನಲ್ಲಿ ಅವಳಿರಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಸಾಲಿತ್ತು. ಅವಳನ್ನು ಬೀಳ್ಕೊಡಲು ಬಂದವರಿರಬೇಕು ಎಂದುಕೊಂಡು ಎಡ್ಗರ್ ಕೊನೆಯಲ್ಲಿ ನಿಂತ. ಕಿಟಕಿಯಾಚೆ ಸಮುದ್ರದಿಂದ ಮಂಜು ಎದ್ದು ಬರುತ್ತಿತ್ತು. ಆ ಮಂಜಿನೊಳಗೆ ಹೇಝಲ್ ಪುಟ್ಟ ಮೇಜಿನೆದುರು ಕುಳಿತು ಅವನ ಕಪ್ಪಿಗೆ ಟೀ ಬಗ್ಗಿಸುತ್ತಿದ್ದಳು. ಎಷ್ಟು ಹೊತ್ತು ಬಗ್ಗಿಸಿದರೂ ಕಪ್ಪು ತುಂಬಲಿಲ್ಲ, ಅವನಿಗೂ ಅವಸರವಿರಲಿಲ್ಲ.

ಕನಸು ಕರಗಿದಾಗ ಅವನು ಸಾಲಿನ ಜೊತೆಗೇ ಒಳಕೋಣೆಗೆ ಸರಿದು ಬೆಂಚಿನ ಮೇಲೆ ಕುಳಿತಿದ್ದ. ಬಾಗಿಲು ಮುಚ್ಚಿತ್ತು. ಬೋರ್ಡಿನ ಮೇಲೆ 'ಟೇಕ್' ಎಂದು ದೊಡ್ಡದಾಗಿ ಬರೆದಿತ್ತು. ಪರದೇಶದಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ತರಗತಿ ಅದು.

"ಹೊಸಬರಾ? ಈ ದೇಶಕ್ಕೆ ಬಂದು ಎಷ್ಟು ದಿನ ಆಯ್ತು?" ಟೀಚರ್ ಮಿಸೆಸ್ ಪ್ರಿಚರ್ಡ್ ಒಂದೊಂದೇ ಪದ ಬಿಡಿಸಿ ಕೇಳಿದರು.

ಹುಟ್ಟಿದ್ದೇ ಇಲ್ಲಿ ಎಂದರೆ ಪಾಪ, ಆಕೆಗೆ ಮುಜುಗರ. "ಸ್ವಲ್ಪ ದಿನ ಆಯ್ತು," ಎಂದ ಎಡ್ಗರ್.

"ಹೆದರ್ಕೋಬೇಡಿ ಅಣ್ಣ," ಪಕ್ಕದಲ್ಲಿದ್ದ ಕೊಲಂಬಿಯಾದ ಮರಿಸೋಲ್ ಪಿಸುಗುಟ್ಟಿದಳು. "ಮೊದಮೊದಲು ನಂಗೂ ಬಾಯಿಂದ ಮಾತೇ ಬರ್ತಿರ್ಲಿಲ್ಲ."

"'ಟೇಕ್ ದ ಬಿಸ್ಕಿಟ್' ಅಂದ್ರೇನು, ನೀವೇ ಹೇಳಿ," ಎಂದರು ಟೀಚರ್.

ಎಡ್ಗರ್‌ನ ಚಿಕ್ಕಮ್ಮ ಆ ಮಾತನ್ನು ಅವನ ಮೇಲೆಯೇ ದಿನಕ್ಕೊಮ್ಮೆ ಪ್ರಯೋಗಿಸುತ್ತಿದ್ದಳು. ಆದರೆ ಸರಿಯಾಗಿ ಹೇಳಿದರೆ ಗುಟ್ಟು ರಟ್ಟಾಗುತ್ತದಲ್ಲ. "ಬಿಸ್ಕಿಟ್ ತಗೊಳ್ಳಿ ಅಂತ," ಎಂದ.

ಪೋಲೆಂಡಿನಿಂದ ಬಂದ ಪ್ಲಂಬರ್ ಯಾನೆಕ್ ಅವನ ಭುಜ ತಟ್ಟಿದ. "ಅಲ್ಲ ಮಾರಾಯಾ, ಯಾರಾದ್ರೂ ತೀರಾ ಅತಿ ಮಾಡಿದ್ರೆ ಹಂಗಂತಾರೆ. ಬಿಸ್ಕಿಟ್ ಯಾರೂ ಕೊಡಲ್ಲ. ನಾನು ಒಂದ್ಸಲ ಕೈ ಚಾಚಿ ಮಾನ ಕಳ್ಕೊಂಡೆ." ಅಷ್ಟಕ್ಕೇ ಬಿಡದೆ ಅವನ ಉಚ್ಚಾರಣೆಯನ್ನೂ ತಿದ್ದಿದ. ಎಡ್ಗರ್ ಕ್ಷಮೆ ಕೇಳಿ, ಅವನು ಹೇಳಿಕೊಟ್ಟಂತೆಯೇ ಉಚ್ಚರಿಸಿದ.

"ಮುಂದಿನದು, 'ಟೇಕ್ ದ ಪ್ಲಂಜ್'. ದಡದಲ್ಲಿ ನಿಂತು ಅಳುಕೋದು ಬಿಟ್ಟು ಧುಮುಕಿಬಿಡೋದು. ಎಷ್ಟೋ ದಿನದಿಂದ ಮಾಡ್ಬೇಕು ಅಂದ್ಕೊಂಡಿದ್ದನ್ನ ಮಾಡೇಬಿಡೋದು," ಎಂದರು ಟೀಚರ್.

ಎಡ್ಗರ್‌ಗೆ ಇದೂ ಗೊತ್ತಿದ್ದದ್ದೇ. ಆದರೆ ಎದೆಗೆ ನಾಟಿದ್ದು ಇವತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ತರಗತಿಗೆ ಟೀ ತಟ್ಟೆ ಹಿಡಿದು ಹೇಝಲ್ ಬಂದಳು.

ಎಡ್ಗರ್ ಎದ್ದು ನಿಂತ. ಅವಳ ಕಣ್ಣನ್ನೇ ನೋಡುತ್ತಾ, ಒಂದಕ್ಷರ ತಡವರಿಸದೆ ಕೇಳಿಬಿಟ್ಟ: "ಹೇಝಲ್ ಅವರೇ, ಭಾನುವಾರ ನನ್ನ ಜೊತೆ ಟೀಗೆ ಬರ್ತೀರಾ?"

ಜನ್ಮದಲ್ಲಿ ಅವನಿಗೆ ಅಷ್ಟು ಸಂತೋಷ ಆದದ್ದಿಲ್ಲ.

ಹೇಝಲ್ ತಟ್ಟೆ ಕೆಳಗಿಟ್ಟಳು. ಅವಳ ಕಣ್ಣು ತುಂಬಿ ಬಂದಿತ್ತು. ಟೀಚರ್ ಕಡೆ ತಿರುಗಿ ಹೇಳಿದಳು: "ನೋಡಿದ್ರಾ ಮೇಡಂ? ಇವರು ಎರಡು ವರ್ಷದಿಂದ ಪುಸ್ತಕಕ್ಕೆ ಬರ್ತಿದ್ರು, ಪಾಪ, ಭಾಷೆ ಬರ್ದೆ ಒದ್ದಾಡ್ತಿದ್ರು. ಒಂದೇ ಕ್ಲಾಸಲ್ಲಿ ಪೂರ್ತಿ ವಾಕ್ಯ."

ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಮರಿಸೋಲ್ ಕಣ್ಣೊರೆಸಿಕೊಂಡಳು. ಹೇಝಲ್ ಎಡ್ಗರ್‌ನ ಕಡೆ ಬಾಗಿ, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು: "ತುಂಬಾ ಚೆನ್ನಾಗಿ ಹೇಳಿದ್ರಿ. ಎಲ್ಲಿ, ಇನ್ನೊಂದ್ಸಲ ಹೇಳಿ ನೋಡೋಣ."

ಆಗೋದಿಲ್ಲ ಎನ್ನುವುದು ಮರ್ಯಾದೆಯಲ್ಲ. ಎಡ್ಗರ್ ಇನ್ನೊಮ್ಮೆ ಹೇಳಿದ. ಇಡೀ ತರಗತಿ ಅವನ ಹಿಂದೆ ಒಕ್ಕೊರಲಿನಿಂದ ಹೇಳಿತು.