ತುಕ್ಕಾನಟ್ಟಿಯ ಸೊಟ್ಟ ಕಲ್ಲು

ದುಂಡಪ್ಪ: ಏ ತಮ್ಮಾ, ಕಲ್ಲ ಸೊಟ್ಟ ಐತಿ ಅಂತ ನನ್ನ ಮುಂದ ಹೇಳಬ್ಯಾಡ. ನಿಲ್ಲಿಸಿದವರನ್ನ ಹೋಗಿ ಕೇಳು!

ಜಿನೇಂದ್ರ: ಅವರು ಸತ್ತು ಮೂರು ಸಾವಿರ ವರ್ಷ ಆತ್ರಿ ಕಾಕಾ.

ದುಂಡಪ್ಪ: ಮತ್ತ ನನ್ನ ಜೀವಾ ಯಾಕ ತಿಂತಿ?

ತುಕ್ಕಾನಟ್ಟಿಯ ಆ ಬದುವಿನ ಮೇಲೆ ಆಳೆತ್ತರದ ನಾಲ್ಕು ಕಲ್ಲುಗಳು. ದುಂಡಪ್ಪನಿಗೆ ಅವು ತನಗೂ ಪಕ್ಕದ ಪರಪ್ಪನಿಗೂ ನಡುವಿನ ಗಡಿ. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಅಂಕಲಗಿಯ ಜಿನೇಂದ್ರನಿಗೆ ಇತಿಹಾಸಕ್ಕೂ ಹಿಂದಿನ ಜನರ ಗುರುತು. ಮೂರು ಕಲ್ಲು ಒಂದೇ ಸಾಲಿನಲ್ಲಿವೆ, ನಾಲ್ಕನೆಯದು ಆರು ಫೂಟು ಪರಪ್ಪನ ಹೊಲದೊಳಗಿದೆ ಎಂದಿತ್ತು ಅವನ ಕಂಪ್ಯೂಟರಿನ ನಕಾಶೆ. ಆ ಆರು ಫೂಟಿನಲ್ಲಿ ಈಗ ದುಂಡಪ್ಪನ ಕಬ್ಬು ನಿಂತಿತ್ತು.

ದುಂಡಪ್ಪ: ಯಾರು ಅಳದಾರ ಇದನ್ನ?

ಜಿನೇಂದ್ರ: ಉಪಗ್ರಹ ನೋಡಿ ಅಳದೇವ್ರಿ. ಆಕಾಶದಾಗಿಂದ.

ದುಂಡಪ್ಪ: ಮೋಜಣಿದಾರ ಆದ್ರ ಚಾ ಕುಡಿಸಿದ್ರ ಸರಿ ಅಳಿತಾನ. ಆಕಾಶದಾಗಿನಾಂವಗ ಪರಪ್ಪ ಕುಡಿಸಿರಬೇಕು.

ದುಂಡಪ್ಪನ ಹೆಂಡತಿ ಶಿವಗಂಗವ್ವ ಬುತ್ತಿ ಬಿಚ್ಚಿದಳು. ಗಂಡನ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಶಿವಗಂಗವ್ವ: ರೊಟ್ಟಿ ತಿನ್ರಿ. ಬಾಯಿಗೆ ಏನರೆ ಕೆಲಸಾ ಆಗತೈತಿ.

ಜಿನೇಂದ್ರ: ಈ ನಾಕನೇ ಕಲ್ಲಿನ ಬುಡಕ ಯೂರಿಯಾ ಚೀಲದ ಚೂರು ಸಿಕ್ಕೈತ್ರಿ ಕಾಕಾ.

ದುಂಡಪ್ಪ: ಆಗಿನವರೂ ಒಕ್ಕಲುತನಾ ಮಾಡತಿದ್ರಪಾ!

ಜಿನೇಂದ್ರ ವಾದ ಬಿಟ್ಟು, ತಲೆಗೆ ಕಟ್ಟುವ ದಪ್ಪ ಕನ್ನಡಕವೊಂದನ್ನು ತೆಗೆದ. ಅದರ ವೈರು ಜೀಪಿನಲ್ಲಿದ್ದ ಕಂಪ್ಯೂಟರಿಗೆ ಹೋಗಿತ್ತು.

ಜಿನೇಂದ್ರ: ಇದನ್ನ ಹಾಕ್ಕೊಳ್ರಿ. ಆ ಕಾಲದಾಗ ಈ ಹೊಲ ಹೆಂಗಿತ್ತು ಅಂತ ಕಣ್ಣಾರೆ ಕಾಣತೈತಿ.

ದುಂಡಪ್ಪ: ಗಾಣದ ಎತ್ತಿಗೆ ಕಟ್ಟಿದಂಗ ಕಟ್ಟಾಕ ಬಂದಾನ ನೋಡು. ಕಟ್ಟು, ನಿನ್ನ ಬಂಡವಾಳ ನೋಡೇ ಬಿಡೂಣು.

ಕಟ್ಟಿಸಿಕೊಂಡವನು ಬಾಯಿ ತೆರೆದು ನಿಂತಲ್ಲೇ ಒಂದು ಸುತ್ತು ತಿರುಗಿದ.

ದುಂಡಪ್ಪ: ಥೂ! ನನ್ನ ಕಬ್ಬ ಎಲ್ಲೈತೋ?

ಜಿನೇಂದ್ರ: ಆಗ ಕಬ್ಬ ಇರಲಿಲ್ರಿ. ಬರೇ ಹುಲ್ಲು.

ದುಂಡಪ್ಪ: ಪರಪ್ಪನ ಕಬ್ಬು?

ಜಿನೇಂದ್ರ: ಅದೂ ಇಲ್ರಿ.

ದುಂಡಪ್ಪ: ಹಂಗಾರ ಮಿಷಿನ್ ಚಲೋ ಐತಿ. ಏ… ಏ! ನಾಕನೇ ಕಲ್ಲ ಹಳೇ ಜಾಗಾದಾಗ ನಿಂತೈತಿ! ಯಾವ ಮಗಾ ಸರಿಸಿದಾ?

ಶಿವಗಂಗವ್ವ: ಏನ್ರಿ, ಸುಮ್ಮಕಿರ್ರಿ, ಬಾಜೂಕ…

ದುಂಡಪ್ಪ: ಏನ್ ಸುಮ್ಮಕಿರೂದು! ಹ್ವಾದ ಯುಗಾದಿ ಅಮಾಸಿಗೆ ನಾಕ ಎತ್ತು ಕಟ್ಟಿ, ಎರಡು ಹಗ್ಗಾ ಹರಕೊಂಡು ಎಳದೇನಿ! ನನ್ನ ಆರು ಫೂಟು ಹ್ವಾತಲ್ಲೋ!

ಶಿವಗಂಗವ್ವ ಅವನ ತೋಳು ಜಿಗುಟಿದಳು. ದುಂಡಪ್ಪನ ದನಿ ಇಳಿಯಿತು.

ದುಂಡಪ್ಪ: ಶಿವಗಂಗಾ… ಬಾಜೂಕ ಯಾರದಾರ?

ಪಕ್ಕದಲ್ಲೇ ಪರಪ್ಪ ನಿಂತಿದ್ದ. ಬಂದು ಆಗಲೇ ಐದು ನಿಮಿಷವಾಗಿತ್ತು.

ಪರಪ್ಪ: ಬಿಚ್ಚಬ್ಯಾಡೋ ದುಂಡಪ್ಪಾ, ಇನ್ನಷ್ಟು ಹೊತ್ತು ಅಲ್ಲೇ ಇರು. ಅಲ್ಲಿ ನಿನ್ನ ಮಾರಿ ನೋಡಾವರು ಯಾರೂ ಇಲ್ಲ. ಅಷ್ಟರಾಗ ನಾ ಇಲ್ಲಿ ನಿನ್ನ ನಾಕ ಎತ್ತು ಬಿಚಗೊಂಡು ಬರ್ತೇನಿ.